ಶೇಕಡಾ 1 ಇದ್ದದ್ದು 3.1 ಆದಾಗ ಮಕ್ಕಳಿಗೆ ಏನಂತ ಹೇಳೋದು? ಭೂಸಮೀಪ ಕ್ಷುದ್ರಗ್ರಹಗಳ ವಿಚಾರ

ನಕ್ಷತ್ರದಾರಿ:
ಎಲ್ಲರಿಗೂ ನಮಸ್ಕಾರ. ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ಆಕಾಶದ ಬಗ್ಗೆ ಮಾತಾಡೋದು ನನ್ನ ಚಟ. ಒಂದು ಸಣ್ಣ ದೂರದರ್ಶಕ, ಲ್ಯಾಪ್‌ಟಾಪ್‌ನಲ್ಲಿ ಒಂದಷ್ಟು ಚಿತ್ರ, ಅಷ್ಟೇ ಬಂಡವಾಳ.

ಈ ವರ್ಷ, ಅಂದ್ರೆ 2025ರ ಜನವರಿ ಕೊನೆಗೆ, 2024 ವೈಆರ್4 ಅನ್ನೋ ಕ್ಷುದ್ರಗ್ರಹದ ಸುದ್ದಿ ಬಂದಾಗ ಎಂಟನೇ ಕ್ಲಾಸಿನ ಮಕ್ಕಳ ಮುಂದೆ ನಿಂತಿದ್ದೆ. "2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯೋ ಸಾಧ್ಯತೆ ಶೇ 1ಕ್ಕಿಂತ ಸ್ವಲ್ಪ ಜಾಸ್ತಿ. ಹೊಸ ಅಳತೆಗಳು ಬಂದ ಹಾಗೆ ಇಳೀತಾ ಹೋಗುತ್ತೆ, ನೋಡ್ತಿರಿ" ಅಂತ ಎದೆ ತಟ್ಟಿ ಹೇಳಿದೆ. ಎರಡು ವಾರಕ್ಕೆ ಶೇ 2 ದಾಟಿತು. ಫೆಬ್ರವರಿ 18ಕ್ಕೆ 3.1! ಒಬ್ಬಳು ಹುಡುಗಿ ಟೀಚರ್ ಹತ್ತಿರ ಹೇಳಿ ಕಳಿಸಿದ್ದಳು: "ಇಳಿಯುತ್ತೆ ಅಂದ್ರಲ್ಲ, ಏರ್ತಾ ಇದೆಯಲ್ಲ?"

ಆಮೇಲೆ ನಿಮಗೆ ಗೊತ್ತೇ ಇದೆ. ಮಾರನೇ ದಿನ 1.5, ಅದರ ಮಾರನೇ ದಿನ 0.28, 24ಕ್ಕೆ 0.004. ನಾನು ಮತ್ತೆ ಹೋಗೋ ಹೊತ್ತಿಗೆ ಅರ್ಧ ಕ್ಲಾಸು "ಸುಮ್ನೆ ಹೆದರಿಸಿದ್ರು" ಅಂತಿತ್ತು. ಒಬ್ಬ ಹುಡುಗನ ಪ್ರಕಾರ ನಾಸಾದವರು ನಿಜ ಮುಚ್ಚಿಟ್ಟು ಸಂಖ್ಯೆ ಇಳಿಸಿದಾರೆ. ಕೊನೆಗೆ ನಾನು ಹೇಳಿದ್ದೇ ನಿಜ ಆಯ್ತು, ಆದ್ರೆ ನನ್ನ ಮಾತು ಯಾರೂ ನಂಬಲಿಲ್ಲ. ಇದಕ್ಕಿಂತ ಅವಮಾನ ಇನ್ನೊಂದಿಲ್ಲ.

2029ರಲ್ಲಿ ಅಪೋಫಿಸ್ ಅನ್ನೋ ಇನ್ನೊಂದು ಕ್ಷುದ್ರಗ್ರಹ ಭೂಮಿ ಹತ್ತಿರ ಬರ್ತಿದೆ. ಮತ್ತೆ ಇದೇ ಪಾಡು ಬೇಡ. ನೀವಾಗಿದ್ರೆ ಹೇಗೆ ಹೇಳ್ತಿದ್ರಿ?

ಕಟ್ಟೆಪುರಾಣ:
ಹೇಳದೇ ಇರ್ತಿದ್ದೆ. 😀

ಲೆಕ್ಕದಮೇಷ್ಟ್ರು:
ಸಾರ್, ನಿಮ್ಮ ತಪ್ಪು ಎಲ್ಲಿ ಅಂತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. "ಇಳೀತಾ ಹೋಗುತ್ತೆ" ಅಂದದ್ದೇ ತಪ್ಪು. ಅದು ಇಳೀತಾ ಹೋಗಲ್ಲ. ಏರಿ ಏರಿ ದಿಢೀರ್ ಅಂತ ಬೀಳುತ್ತೆ.

ಡಬ್ಬದಲ್ಲಿ 100 ಚೀಟಿ ಹಾಕಿ. ಒಂದರಲ್ಲಿ ಮಾತ್ರ "ಭೂಮಿ" ಅಂತ ಬರೀರಿ, ಉಳಿದವು ಖಾಲಿ. ಕೊನೆಗೆ ಡಬ್ಬದಲ್ಲಿ ಒಂದೇ ಚೀಟಿ ಉಳೀಬೇಕು, ಅದು "ಭೂಮಿ" ಆಗಿದ್ರೆ ಡಿಕ್ಕಿ. ಶುರುವಿನಲ್ಲಿ ಸಾಧ್ಯತೆ ಶೇ 1. ಈಗ ಒಂದೊಂದೇ ಚೀಟಿ ಎತ್ತಿ ಹೊರಗೆ ಹಾಕಿ. 68 ಎತ್ತಿದ್ರಿ, ಎಲ್ಲಾ ಖಾಲಿ ಅನ್ಕೊಳ್ಳಿ. ಒಳಗೆ ಉಳಿದದ್ದು 32. ಈಗ ಸಾಧ್ಯತೆ 32ರಲ್ಲಿ 1, ಅಂದ್ರೆ ಶೇ 3.1. ಸರಿಯಾಗಿ ವೈಆರ್4 ಮುಟ್ಟಿದ ಎತ್ತರ! ಅಪಾಯ ಏನೂ ಹೆಚ್ಚಾಗಿಲ್ಲ ನೋಡಿ. ಅದೇ ಡಬ್ಬ, ಅದೇ ಚೀಟಿ. ನಮಗೆ ಗೊತ್ತಿರೋದು ಹೆಚ್ಚಾಯ್ತು, ಅಷ್ಟೇ. 69ನೇದು ಎತ್ತಿದಾಗ "ಭೂಮಿ" ಹೊರಗೆ ಬಂದ್ರೆ ಆ ಕ್ಷಣಕ್ಕೇ ಸೊನ್ನೆ.

ಚೀಟಿ ಎತ್ತೋ ಕೈ ದೂರದರ್ಶಕದ್ದು. ಒಂದೊಂದು ಅಳತೆಗೂ "2032ರಲ್ಲಿ ಆ ಬಂಡೆ ಇಲ್ಲಿಂದ ಇಲ್ಲಿವರೆಗೆ ಎಲ್ಲಾದ್ರೂ ಇರಬಹುದು" ಅನ್ನೋ ಗೆರೆ ಚಿಕ್ಕದಾಗ್ತಾ ಬರುತ್ತೆ. ಭೂಮಿ ಆ ಗೆರೆಯ ಒಳಗೇ ಇರೋವರೆಗೆ ಶೇಕಡಾವಾರು ಸಾಮಾನ್ಯವಾಗಿ ಏರ್ತಾ ಹೋಗುತ್ತೆ. ಗೆರೆ ಭೂಮಿಯನ್ನ ಬಿಟ್ಟು ಸರಿದ ದಿನ ಬಿದ್ದುಹೋಗುತ್ತೆ.

ಸುಮ್ನೆಓದ್ತೀನಿ:
ಇದನ್ನ ಫೆಬ್ರವರಿಯಲ್ಲಿ ಯಾರಾದ್ರೂ ಹೇಳಿದ್ರೆ ನಾನು ಎರಡು ರಾತ್ರಿ ನಿದ್ದೆ ಕೆಡಿಸ್ಕೊಳ್ತಿರಲಿಲ್ಲ.

ಕಟ್ಟೆಪುರಾಣ:
ಮೇಷ್ಟ್ರೇ, ಚೀಟಿ ಚೆನ್ನಾಗಿದೆ. ಆದ್ರೆ ಜನಸಾಮಾನ್ಯನಿಗೆ ಇದೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಬೀಳುತ್ತಾ ಬೀಳಲ್ವಾ? ಅಷ್ಟು ಹೇಳಿ ಸಾಕು. ಖಾತ್ರಿ ಆಗೋವರೆಗೆ ವಿಜ್ಞಾನಿಗಳು ತಮ್ಮೊಳಗೇ ಇಟ್ಕೊಂಡ್ರೆ ಏನು ಗಂಟು ಹೋಗುತ್ತೆ? ನಾನು ತಮಾಷೆಗೆ ಕೇಳ್ತಿಲ್ಲ.

ಹಳೇಬೈನಾಕ್ಯುಲರ್:
@ಕಟ್ಟೆಪುರಾಣ ಇದೇ ಪ್ರಶ್ನೆ 1998ರಲ್ಲೇ ಎದ್ದಿತ್ತು ಮಾರಾಯ್ರೆ. ನಾನಾಗ ಕಾಲೇಜು ಹುಡುಗ, ಪೇಪರಿನಲ್ಲಿ ಓದಿ ಬೆವರಿದ್ದೆ.

1997 ಎಕ್ಸ್‌ಎಫ್11 ಅಂತ ಒಂದು ಕ್ಷುದ್ರಗ್ರಹ ಉಂಟು. 1998ರ ಮಾರ್ಚ್ 11ಕ್ಕೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಕಡೆಯಿಂದ ಬ್ರಯಾನ್ ಮಾರ್ಸ್‌ಡನ್ ಒಂದು ಪ್ರಕಟಣೆ ಕೊಟ್ಟರು: 2028ರ ಅಕ್ಟೋಬರಿನಲ್ಲಿ ಇದು ಭೂಮಿಗೆ ತೀರಾ ಹತ್ತಿರ ಹಾದುಹೋಗುತ್ತೆ, ಡಿಕ್ಕಿಯನ್ನ ಪೂರ್ತಿ ತಳ್ಳಿಹಾಕಲಿಕ್ಕೆ ಆಗಲ್ಲ ಅಂತ. ಪ್ರಪಂಚವೆಲ್ಲ ಗುಲ್ಲೋ ಗುಲ್ಲು. ಮರುದಿನವೇ 1990ರಲ್ಲಿ ಅಮೆರಿಕದ ಪಾಲೋಮರ್ ವೀಕ್ಷಣಾಲಯದಲ್ಲಿ ತೆಗೆದ ಹಳೇ ಚಿತ್ರಗಳಲ್ಲಿ ಅದೇ ಬಂಡೆ ಸಿಕ್ಕಿತು. ಲೆಕ್ಕ ಹಾಕಿದ್ರೆ 9 ಲಕ್ಷದ 60 ಸಾವಿರ ಕಿಲೋಮೀಟರ್ ಆಚೆ ಹೋಗುತ್ತೆ ಅಂತ ಗೊತ್ತಾಯ್ತು. ಚಂದ್ರನಿಗಿಂತ ಎರಡೂವರೆ ಪಟ್ಟು ದೂರ!

ಆಗ ನಿಮ್ಮ ಥರವೇ ತುಂಬಾ ಜನ ಹೇಳಿದ್ರು, "ಒಳಗೇ ಪರೀಕ್ಷೆ ಮಾಡಿ ಆಮೇಲೆ ಬಾಯಿ ಬಿಡಬೇಕಿತ್ತು" ಅಂತ. ಆ ಎಡವಟ್ಟಿನ ಆಮೇಲೆಯೇ ಪ್ರಕಟಿಸೋದಕ್ಕೆ ಕ್ರಮ ಅಂತ ಒಂದು ಬಂದದ್ದು. 1999ರಲ್ಲಿ ಇಟಲಿಯ ಟೊರಿನೋದಲ್ಲಿ 0ಯಿಂದ 10ರವರೆಗಿನ ಅಪಾಯದ ಅಳತೆಪಟ್ಟಿಯನ್ನೂ ಒಪ್ಪಿಕೊಂಡ್ರು. ಭೂಕಂಪಕ್ಕೆ ರಿಕ್ಟರ್ ಇದ್ದ ಹಾಗೆ ಇದು ಆಕಾಶದ ಬಂಡೆಗಳಿಗೆ.

ರೇಡಾರ್‌ರಂಗ:
ಮುಚ್ಚಿಡೋಕೆ ಆಗೋದೂ ಇಲ್ಲ. ಯಾರೇ ಹೊಸದನ್ನ ಕಂಡ್ರೂ ಅಳತೆ ಹೋಗೋದು ಎಲ್ಲರ ಅಳತೆ ಒಟ್ಟುಹಾಕೋ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಅಲ್ಲಿಂದ ಎಲ್ಲರಿಗೂ ಮುಕ್ತ. ನಾಸಾದ ಜೆಪಿಎಲ್ ಪ್ರಯೋಗಾಲಯ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು, ಇಟಲಿಯ ಪೀಸಾದವರು, ಮೂವರೂ ಬೇರೆ ಬೇರೆ ಲೆಕ್ಕ ಹಾಕ್ತಾರೆ. ಮನೇಲಿ ಕೂತ ಹವ್ಯಾಸಿನೂ ಹಾಕಬಹುದು. ಅಷ್ಟೇ ಯಾಕೆ, ವೈಆರ್4ಗೆ ನಾಸಾ 3.1 ಅಂದಾಗ ಯುರೋಪಿನವರ ಗರಿಷ್ಠ 2.8 ಇತ್ತು. ಮುಚ್ಚಿಡೋರು ಮೊದಲು ಇಬ್ಬರದೂ ಒಂದೇ ಅಂಕಿ ಬರೋ ಹಾಗೆ ನೋಡ್ಕೊಳ್ತಿದ್ರು.

ಇನ್ನೊಂದು, ಕ್ಷುದ್ರಗ್ರಹ ಎಚ್ಚರಿಕೆಗೆ ಅಂತಲೇ ಒಂದು ಅಂತರರಾಷ್ಟ್ರೀಯ ಜಾಲ ಇದೆ, ಐಎಡಬ್ಲ್ಯುಎನ್ ಅಂತ. 10 ಮೀಟರಿಗಿಂತ ದೊಡ್ಡದಿದ್ದು ಸಾಧ್ಯತೆ ಶೇ 1 ದಾಟಿದ್ರೆ ಅವರು ಅಧಿಕೃತವಾಗಿ ತಿಳಿಸಲೇಬೇಕು. ಜನವರಿ 29ಕ್ಕೆ ಬಂದ ಪ್ರಕಟಣೆ ಅದೇ. ಯಾರೂ ಗಾಬರಿ ಬಿದ್ದು ಬಾಯಿ ಬಿಟ್ಟದ್ದಲ್ಲ, ನಿಯಮದ ಪ್ರಕಾರ ನಡೆದದ್ದು.

ಸುದ್ದಿಮನೆಮಾಜಿ:
ನಾನು ಹದಿನಾಲ್ಕು ವರ್ಷ ಡೆಸ್ಕಿನಲ್ಲಿ ಕೂತವಳು. ಆ ಕಡೆಯ ಕಥೆನೂ ಕೇಳಿ.

ಜೆಪಿಎಲ್ ಜಾಲತಾಣದಲ್ಲಿ ಒಂದು ಪುಟ ಇದೆ. ಮುಂದೆ ಹತ್ತಿರ ಬರೋ ಐದು ಕ್ಷುದ್ರಗ್ರಹಗಳ ಪಟ್ಟಿ, ಪಕ್ಕದಲ್ಲಿ ಚಿತ್ರ: ಬಸ್ಸಿನಷ್ಟು, ಮನೆಯಷ್ಟು, ವಿಮಾನದಷ್ಟು. ಪಟ್ಟಿ ಯಾವತ್ತೂ ಖಾಲಿ ಇರಲ್ಲ. ಅಂದ್ರೆ ಪ್ರತಿದಿನ ಒಂದು ಸುದ್ದಿ ಬಿಟ್ಟಿ! "ವಿಮಾನದ ಗಾತ್ರದ ಕ್ಷುದ್ರಗ್ರಹ ಭೂಮಿಯತ್ತ: ನಾಸಾ ಎಚ್ಚರಿಕೆ" ಅಂತ ಹಾಕಿದ್ರೆ ಆ ದಿನ ಕ್ಲಿಕ್ಕು ಗ್ಯಾರಂಟಿ. ಅಲ್ಲಿ ನಾಸಾ ಯಾವ ಎಚ್ಚರಿಕೆನೂ ಕೊಟ್ಟಿರಲ್ಲ. ಪಟ್ಟಿಗೆ ಸೇರೋ ಮಿತಿ 75 ಲಕ್ಷ ಕಿಲೋಮೀಟರ್. ಚಂದ್ರನ ದೂರದ ಸುಮಾರು 20 ಪಟ್ಟು. ನಾವು ಅದಕ್ಕೆ "ಕೂದಲೆಳೆ ಅಂತರದಲ್ಲಿ ಪಾರು" ಅಂತ ಶೀರ್ಷಿಕೆ ಕೊಟ್ಟಿದೀವಿ. ಹೌದು, ನಾನೇ ಕೊಟ್ಟಿದೀನಿ. ಅಷ್ಟು ಉದ್ದದ ಕೂದಲು ಯಾರದ್ದೋ ಗೊತ್ತಿಲ್ಲ.

ಇನ್ನೊಂದು ಪಾಪ. ಇಂಗ್ಲಿಷಿನಲ್ಲಿ ಬರೋದು "ಸಂಭಾವ್ಯ ಅಪಾಯಕಾರಿ" ಅಂತ. ಶೀರ್ಷಿಕೆಗೆ ಜಾಗ ಸಾಲಲ್ಲ ಅಂತ ನಾವು ಮೊದಲು ಕತ್ತರಿಸೋದು "ಸಂಭಾವ್ಯ"ವನ್ನೇ. ಉಳಿದದ್ದು "ಅಪಾಯಕಾರಿ ಕ್ಷುದ್ರಗ್ರಹ". ಅಸಲಿಗೆ ಅದೊಂದು ವರ್ಗದ ಹೆಸರು. ಅದರ ಕಕ್ಷೆ ಭೂಮಿಯ ಕಕ್ಷೆಗೆ 75 ಲಕ್ಷ ಕಿಲೋಮೀಟರಿಗಿಂತ ಹತ್ತಿರ ಬರಬೇಕು, ಗಾತ್ರ ಸುಮಾರು 140 ಮೀಟರ್ ಅಥವಾ ಹೆಚ್ಚಿರಬೇಕು, ಅಷ್ಟೇ. ನಾಳೆ ಬೀಳುತ್ತೆ ಅಂತಲ್ಲ. ತಮಾಷೆ ಅಂದ್ರೆ, ಎಲ್ಲರನ್ನೂ ಹೆದರಿಸಿದ ವೈಆರ್4 ಈ ವರ್ಗಕ್ಕೆ ಸೇರೋದೇ ಇಲ್ಲ, ಸಣ್ಣದು.

ಪದಪ್ರೇಮಿ:
ಎಲ್ಲದಕ್ಕೂ ಮೂಲ ನಮ್ಮ ಪದದಲ್ಲೇ ಇದೆ ಅಂತ ನನ್ನ ಬಹುದಿನದ ತಕರಾರು. ಸಂಸ್ಕೃತದಲ್ಲಿ "ಕ್ಷುದ್ರ" ಅಂದ್ರೆ ಚಿಕ್ಕದು, ನಿಜ. ಆದರೆ ಕನ್ನಡದ ಕಿವಿಗೆ ಕ್ಷುದ್ರ ಅಂದ ಕೂಡಲೇ ಏನು ಕೇಳುತ್ತೆ? ಕ್ಷುದ್ರಶಕ್ತಿ, ಕ್ಷುದ್ರದೇವತೆ, ಕ್ಷುದ್ರಬುದ್ಧಿ. ಜೊತೆಗೆ "ಗ್ರಹ". ಗ್ರಹ ಅಂದ್ರೆ ಗ್ರಹಚಾರ, ಗ್ರಹ ಹಿಡಿಯೋದು, ಗ್ರಹ ಬಿಡಿಸೋದು. ಎರಡನ್ನೂ ಸೇರಿಸಿ ಒಂದು ಪಾಪದ ಕಲ್ಲಿಗೆ ಕಟ್ಟಿದೀವಿ. ಆಮೇಲೆ ಜನ ಹೆದರ್ತಾರೆ ಅಂತ ದೂರು!

"ಕಿರುಗ್ರಹ" ಅನ್ನಿ. ಅಥವಾ "ಬಾನ್‌ಬಂಡೆ". ಯಾರಿಗೂ ಬಾನ್‌ಬಂಡೆಯಿಂದ ಶಾಂತಿ ಮಾಡಿಸಬೇಕು ಅನ್ಸಲ್ಲ.

ಸುಮ್ನೆಓದ್ತೀನಿ:
ಬಾನ್‌ಬಂಡೆ ಸೂಪರ್ 👌

ಹಳೇಬೈನಾಕ್ಯುಲರ್:
ಕಿರುಗ್ರಹ ಅಂದ್ರೆ ಪ್ಲೂಟೋ ಅಂತ ತಿಳ್ಕೊಳ್ಳೋರು ಉಂಟು. ಕುಬ್ಜಗ್ರಹದ ಜೊತೆ ಗೊಂದಲ ಆಗ್ತದೆ. ಪಠ್ಯಪುಸ್ತಕದಲ್ಲಿ ಬೇರೂರಿದ ಪದವನ್ನ ಈಗ ಕಿತ್ತು ಬೇರೆ ನೆಡೋದು ಸುಲಭ ಅಲ್ಲ.

ಪದಪ್ರೇಮಿ:
ಹಾಗಂತ ಸುಮ್ಮನಿದ್ರೆ ಇನ್ನೂ ಐವತ್ತು ವರ್ಷ ಕ್ಷುದ್ರವೇ ಗತಿ. ಉಲ್ಕೆ, ಉಲ್ಕಾಶಿಲೆ, ಕ್ಷುದ್ರಗ್ರಹ, ಧೂಮಕೇತು ನಾಲ್ಕನ್ನೂ ಒಂದೇ ಸುದ್ದಿಯಲ್ಲಿ ಒಂದೇ ವಸ್ತುವಿಗೆ ಬಳಸಿದ್ದನ್ನ ಕಣ್ಣಾರೆ ನೋಡಿದೀನಿ. ಬಾಹ್ಯಾಕಾಶದಲ್ಲಿದ್ರೆ ಕ್ಷುದ್ರಗ್ರಹ, ವಾತಾವರಣದಲ್ಲಿ ಉರಿಯೋ ಬೆಳಕು ಉಲ್ಕೆ, ನೆಲಕ್ಕೆ ಬಿದ್ದು ಕೈಗೆ ಸಿಕ್ಕಿದ್ದು ಉಲ್ಕಾಶಿಲೆ. ಇಷ್ಟು ಗೊತ್ತಿದ್ರೆ ಅರ್ಧ ಗೊಂದಲ ಹೋಗುತ್ತೆ.

ಗಡಿಬಿಡಿಗಿರಿಜೆ:
ಒಂದೇ ಕಲ್ಲು ಮೂರೂ ಆದ ಕಥೆ ನನಗೆ ತುಂಬಾ ಇಷ್ಟ. 2008 ಟಿಸಿ3! ಅಕ್ಟೋಬರ್ 6ಕ್ಕೆ ಅರಿಜೋನಾದಲ್ಲಿ ಕ್ಷುದ್ರಗ್ರಹ ಹುಡುಕೋ ಕ್ಯಾಟಲಿನಾ ಸರ್ವೆಯ ರಿಚರ್ಡ್ ಕೊವಾಲ್ಸ್‌ಕಿ ಕಂಡುಹಿಡಿದ್ರು, 4 ಮೀಟರ್ ಕಲ್ಲು. ಒಂದು ದಿನ ತುಂಬೋ ಮೊದಲೇ ಸುಡಾನಿನ ನೂಬಿಯನ್ ಮರುಭೂಮಿ ಮೇಲೆ ಸಿಡಿಯಿತು. ಬೀಳೋ ಮೊದಲೇ ಕಂಡುಹಿಡಿದ ಮೊಟ್ಟಮೊದಲ ಕ್ಷುದ್ರಗ್ರಹ ಅದು. ಆಮೇಲೆ ಖಗೋಳವಿಜ್ಞಾನಿ ಪೀಟರ್ ಜೆನ್ನಿಸ್ಕೆನ್ಸ್, ಖಾರ್ಟೂಮ್ ವಿಶ್ವವಿದ್ಯಾಲಯದ ಮುಆವಿಯಾ ಶದ್ದಾದ್ ಮತ್ತೆ ಅವರ ವಿದ್ಯಾರ್ಥಿಗಳು ಸಾಲಾಗಿ ಮರಳಲ್ಲಿ ನಡೀತಾ ನೂರಾರು ಚೂರು ಆರಿಸಿದ್ರು! "ವಿದ್ಯಾರ್ಥಿಗಳು" ಅನ್ನೋದನ್ನ ದಪ್ಪಕ್ಷರದಲ್ಲಿ ಓದಿ 😀

ಆಮೇಲಿಂದ ಇಂಥವು ಹತ್ತು ಸಿಕ್ಕಿವೆ. 2023 ಸಿಎಕ್ಸ್1 ಫ್ರಾನ್ಸಿನಲ್ಲಿ ಬಿತ್ತು, 2024 ಬಿಎಕ್ಸ್1 ಬರ್ಲಿನ್ ಹತ್ತಿರ. ಎರಡನ್ನೂ ಮೊದಲು ಕಂಡದ್ದು ಹಂಗೇರಿಯ ಒಬ್ಬರೇ, ಕ್ರಿಸ್ಟಿಯಾನ್ ಶಾರ್ನೆಟ್ಸ್‌ಕಿ.

ಕಟ್ಟೆಪುರಾಣ:
4 ಮೀಟರಿನದು ಸಿಕ್ಕಿತು ಅಂತ ಖುಷಿ ಪಡಿ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಬಂದದ್ದು 20 ಮೀಟರ್, ಯಾರಿಗೂ ಸುಳಿವಿರಲಿಲ್ಲ. ಅದೇ ದಿನ ಇನ್ನೊಂದು ಕ್ಷುದ್ರಗ್ರಹ ಹತ್ತಿರ ಹೋಯ್ತಲ್ಲ, ಅದರ ತುಂಡೇ ಇದು. ಎಲ್ಲರೂ ದೊಡ್ಡದನ್ನ ನೋಡ್ತಾ ಕೂತಿದ್ರು, ಸಣ್ಣದು ಬಂದು ಬಡೀತು.

ರೇಡಾರ್‌ರಂಗ:
ತುಂಡು ಅಲ್ಲ. ಆ ಇನ್ನೊಂದು, 2012 ಡಿಎ14, ಬಂದದ್ದು ದಕ್ಷಿಣದ ಕಡೆಯಿಂದ, ಚೆಲ್ಯಾಬಿನ್ಸ್ಕ್‌ನದ್ದು ಸೂರ್ಯನ ದಿಕ್ಕಿನಿಂದ. ಕಕ್ಷೆಗಳು ಪೂರ್ತಿ ಬೇರೆ. ಒಂದೇ ದಿನ ಬಂದದ್ದು ಶುದ್ಧ ಕಾಕತಾಳೀಯ. ಸುಳಿವಿರಲಿಲ್ಲ ಅನ್ನೋದು ನಿಜ, ಕಾರಣನೂ ಅದೇ. ಸೂರ್ಯನ ಕಡೆ ದೂರದರ್ಶಕ ತಿರುಗಿಸೋಕೆ ಆಗಲ್ಲ.

ಅಲ್ಲಿ ಗಾಯ ಆದವರು 1,500ರ ಹತ್ತಿರ, ಸತ್ತವರು ಯಾರೂ ಇಲ್ಲ. ಬಹುಪಾಲು ಗಾಯ ಕಲ್ಲಿಂದಲ್ಲ, ಕಿಟಕಿ ಗಾಜಿಂದ. ಬೆಳಕು ಮೊದಲು ಬಂತು. ಜನ ಏನಪ್ಪಾ ಅದು ಅಂತ ಕಿಟಕಿಗೆ ಮುಖ ಒತ್ತಿ ನಿಂತ್ರು. ಶಬ್ದದ ಅಲೆ ಬರೋಕೆ ಒಂದೆರಡು ನಿಮಿಷ ಹಿಡೀತು, ಆಗ ಗಾಜು ಒಡೆದು ಮುಖಕ್ಕೆ. @ನಕ್ಷತ್ರದಾರಿ, ನೀವು ಮಕ್ಕಳಿಗೆ ಹೇಳೋದಿದ್ರೆ ಇದನ್ನೇ ಮೊದಲು ಹೇಳಿ: ಆಕಾಶದಲ್ಲಿ ಸೂರ್ಯನಷ್ಟು ಬೆಳಕು ಕಂಡ್ರೆ ಕಿಟಕಿಯಿಂದ ದೂರ ಓಡು. ಇಡೀ ಗ್ರಹರಕ್ಷಣೆಯಲ್ಲಿ ಒಬ್ಬ ಮನುಷ್ಯ ತಾನಾಗಿ ಮಾಡಬಹುದಾದ ಕೆಲಸ ಅದೊಂದೇ.

ನಕ್ಷತ್ರದಾರಿ:
ಇದು ನನಗೆ ಹೊಳೆದೇ ಇರಲಿಲ್ಲ. ಎಷ್ಟು ಸಲ ಚೆಲ್ಯಾಬಿನ್ಸ್ಕ್ ವಿಡಿಯೋ ತೋರಿಸಿದೀನಿ, ಕಿಟಕಿ ವಿಷಯ ಒಂದು ಸಲನೂ ಹೇಳಿಲ್ಲ.

ಲೆಕ್ಕದಮೇಷ್ಟ್ರು:
ಗಾತ್ರದ ವಿಷಯನೂ ಮಕ್ಕಳಿಗೆ ಗೊಂದಲ. ವೈಆರ್4 "40ರಿಂದ 90 ಮೀಟರ್" ಅಂದಾಗ "ಇಷ್ಟು ಗೊತ್ತಿಲ್ವಾ ಇವರಿಗೆ" ಅಂತ ನಗೋರು. ದೂರದರ್ಶಕಕ್ಕೆ ಕಾಣೋದು ಒಂದು ಚುಕ್ಕಿ ಬೆಳಕು. ಇದ್ದಿಲಿನಂತೆ ಕಪ್ಪಗಿರೋ ದೊಡ್ಡ ಬಂಡೆ, ಬೆಳ್ಳಗಿರೋ ಸಣ್ಣ ಬಂಡೆ, ಎರಡೂ ಒಂದೇ ಥರ ಹೊಳೀಬಹುದು. ಶಾಖ ಅಳೆದ್ರೆ ಗೊತ್ತಾಗುತ್ತೆ. ಜೇಮ್ಸ್ ವೆಬ್ ದೂರದರ್ಶಕ ಇನ್‌ಫ್ರಾರೆಡ್‌ನಲ್ಲಿ ನೋಡಿ ಸುಮಾರು 60 ಮೀಟರ್ ಅಂತ ಹೇಳಿದ್ದು ಹಾಗೇ. ನಿಯೋ ಸರ್ವೇಯರ್ ಅಂತ ಇದಕ್ಕೇ ಒಂದು ಬಾಹ್ಯಾಕಾಶ ದೂರದರ್ಶಕ ತಯಾರಾಗ್ತಿದೆ. ಸೂರ್ಯನ ಕಡೆಯ ಆಕಾಶದಲ್ಲಿ ಇನ್ನೂ ಹತ್ತಿರದವರೆಗೆ ಹುಡುಕೋ ಶಕ್ತಿ ಅದಕ್ಕಿರುತ್ತೆ.

ಸುಮ್ನೆಓದ್ತೀನಿ:
ಒಂದು ದಡ್ಡ ಪ್ರಶ್ನೆ. ಈ ವೈಆರ್4 ಅಂದ್ರೇನು? ಕಾರಿನ ನಂಬರಾ?

ಗಡಿಬಿಡಿಗಿರಿಜೆ:
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ, ಇದು ನನ್ನ ಫೇವರಿಟ್! ವರ್ಷವನ್ನ 24 ಅರ್ಧ ತಿಂಗಳು ಮಾಡಿ ಇಂಗ್ಲಿಷ್ ಅಕ್ಷರ ಕೊಡ್ತಾರೆ, ಐ ಮತ್ತೆ ಝಡ್ ಬಿಟ್ಟು. ವೈ ಅಂದ್ರೆ ಡಿಸೆಂಬರ್ 16ರಿಂದ 31. ಆ ಅರ್ಧ ತಿಂಗಳಲ್ಲಿ ಎಷ್ಟನೇದು ಅನ್ನೋದಕ್ಕೆ ಎರಡನೇ ಅಕ್ಷರ. ಐ ಬಿಟ್ಟು 25 ಅಕ್ಷರ ಮುಗಿದ ಮೇಲೆ 1 ಹಾಕಿ ಮತ್ತೆ ಎ1ರಿಂದ ಶುರು. ಆರ್ 17ನೇ ಅಕ್ಷರ, 4 ಅಂದ್ರೆ ನಾಲ್ಕು ಸುತ್ತು ಆಗಿದೆ. 4 ಗುಣಿಸು 25 ಕೂಡಿಸು 17, ಅಂದ್ರೆ 117ನೇದು. ಡಿಸೆಂಬರ್ 27ಕ್ಕೆ ಚಿಲಿಯ ಅಟ್ಲಾಸ್ ದೂರದರ್ಶಕ ಕಂಡದ್ದು. ಅಷ್ಟರಲ್ಲಿ ಅದು ಭೂಮಿಗೆ ಹತ್ತಿರ ಬಂದು ಎರಡು ದಿನ ಆಗಿತ್ತು!

ಕಟ್ಟೆಪುರಾಣ:
ನೆಂಟರು ಬಂದು ಹೋದ ಮೇಲೆ ಬಾಗಿಲು ತೆಗೆದ ಹಾಗಾಯ್ತು.

ಹಳೇಬೈನಾಕ್ಯುಲರ್:
😂

ನೆನಪಾಯ್ತು, ಕಾರಿನ ನಂಬರ್ ಅಂದ್ರಲ್ಲ. ಈ ವರ್ಷ ಜನವರಿ 2ಕ್ಕೆ 2018 ಸಿಎನ್41 ಅಂತ ಹೊಸ ಕ್ಷುದ್ರಗ್ರಹ ಪಟ್ಟಿಗೆ ಸೇರಿತು. ಮರುದಿನ ತೆಗೆದುಹಾಕಿದ್ರು. ಅದು ನಿಜವಾಗಿಯೂ ಕಾರೇ! 2018ರಲ್ಲಿ ಇಲಾನ್ ಮಸ್ಕ್ ರಾಕೆಟ್ಟಿನಲ್ಲಿ ಹಾರಿಸಿದ ಟೆಸ್ಲಾ ರೋಡ್‌ಸ್ಟರ್. ನನಗೆ ಇದರಲ್ಲಿ ಹಿಡಿಸಿದ್ದು ಏನು ಅಂದ್ರೆ ತಪ್ಪು ಆದದ್ದನ್ನ ಮುಚ್ಚಿಡದೆ ಒಂದೇ ದಿನದಲ್ಲಿ "ಇದು ಕೃತಕ ವಸ್ತು, ಅಳಿಸಿದ್ದೇವೆ" ಅಂತ ಪ್ರಕಟಿಸಿದ್ದು. ಮಕ್ಕಳಿಗೆ ಇಂಥದ್ದೂ ಹೇಳಬೇಕು.

ಬಾಲಚುಕ್ಕಿ:
ನನ್ನ ಅಣ್ಣನ ಮಗಳು ಶಾಲೆಯಲ್ಲಿ ಕ್ಷುದ್ರಗ್ರಹ ಕಂಡುಹಿಡಿದಿದಾಳೆ, ನಾಸಾ ಸರ್ಟಿಫಿಕೇಟ್ ಕೊಟ್ಟಿದೆ. ಅದಕ್ಕೆ ಅವಳದ್ದೇ ಹೆಸರಿಡ್ತಾರಂತೆ. ಮನೆಯವರೆಲ್ಲ ಸ್ಟೇಟಸ್ ಹಾಕಿದೀವಿ. ಇಲ್ಲಿ ಯಾರಿಗಾದ್ರೂ ಇದರ ಬಗ್ಗೆ ಗೊತ್ತಾ?

ಗಡಿಬಿಡಿಗಿರಿಜೆ:
ಮೊದಲು ಅವಳಿಗೆ ದೊಡ್ಡ ಚಪ್ಪಾಳೆ 👏 ಬಹುಶಃ ಶಾಲಾ ಮಕ್ಕಳಿಂದ ಕ್ಷುದ್ರಗ್ರಹ ಹುಡುಕಿಸೋ ಐಎಎಸ್‌ಸಿ ಅಭಿಯಾನ ಇರಬೇಕು. ನಾನೂ ಎರಡು ಸಲ ಮಾಡಿದೀನಿ. ಪ್ಯಾನ್‌ಸ್ಟಾರ್ಸ್ ದೂರದರ್ಶಕ ತೆಗೆದ ಒಂದೇ ಜಾಗದ ನಾಲ್ಕು ಚಿತ್ರ ಕೊಡ್ತಾರೆ. ಆಸ್ಟ್ರೊಮೆಟ್ರಿಕಾ ಅನ್ನೋ ತಂತ್ರಾಂಶದಲ್ಲಿ ಹಾಕಿ ಒಂದಾದ ಮೇಲೊಂದು ಮಿನುಗಿಸಿ ನೋಡೋದು. ನಕ್ಷತ್ರಗಳು ನಿಂತಲ್ಲೇ ಇರ್ತವೆ, ಸರಳ ರೇಖೆಯಲ್ಲಿ ಜಾರ್ತಿರೋ ಚುಕ್ಕಿ ಸಿಕ್ಕಿದ್ರೆ ವರದಿ. ಮೊದಲ ರಾತ್ರಿ ನನಗೆ ಸಿಕ್ಕಿದ್ದ ಹನ್ನೊಂದರಲ್ಲಿ ಹತ್ತು ಬರೀ ಕ್ಯಾಮೆರಾ ಕಲೆ, ಒಂದು ಮೊದಲೇ ಗೊತ್ತಿದ್ದದ್ದು 😭

ಆದ್ರೆ ಸ್ವಲ್ಪ ಹುಷಾರು ಹೇಳ್ತೀನಿ, ತಪ್ಪು ತಿಳೀಬೇಡಿ. ಅಲ್ಲಿ ಸಿಗೋದು "ಪ್ರಾಥಮಿಕ" ಪತ್ತೆ. ಅದನ್ನ ಬೇರೆಯವರೂ ಮತ್ತೆ ಮತ್ತೆ ನೋಡಿ ಕಕ್ಷೆ ಗಟ್ಟಿಯಾಗಿ ಶಾಶ್ವತ ಸಂಖ್ಯೆ ಸಿಗೋಕೆ ವರ್ಷಗಟ್ಟಲೆ ಬೇಕು. ಸಂಖ್ಯೆ ಸಿಕ್ಕ ಮೇಲೇ ಹೆಸರಿನ ಮಾತು. ಹೆಸರು ಒಪ್ಪೋದು ನಾಸಾ ಅಲ್ಲ, ಖಗೋಳ ಒಕ್ಕೂಟದ ಸಮಿತಿ. 16 ಅಕ್ಷರ ಮೀರಬಾರದು. ಸಿಗೋದ್ರಲ್ಲಿ ಬಹುತೇಕ ಮಂಗಳ ಮತ್ತು ಗುರು ನಡುವಿನ ಪಟ್ಟಿಯವು, ಭೂಮಿ ಹತ್ತಿರ ಬರೋವಲ್ಲ.

ಬಾಲಚುಕ್ಕಿ:
ಅಯ್ಯೋ, ಹಾಗಾದ್ರೆ ಸುಳ್ಳಾ?

ಗಡಿಬಿಡಿಗಿರಿಜೆ:
ಸುಳ್ಳು ಅಲ್ಲವೇ ಅಲ್ಲ! ಅವಳು ಅಳೆದ ಅಂಕಿ ನಿಜವಾದ ದಾಖಲೆಗೆ ಸೇರುತ್ತೆ. ಸ್ಟೇಟಸ್ ಹಾಗೇ ಇರ್ಲಿ.

ಸುದ್ದಿಮನೆಮಾಜಿ:
ಅವಳಿಗೆ ಇನ್ನೂ ಹಸಿವಿದ್ರೆ ಕ್ಯಾಟಲಿನಾದವರ "ಡೈಲಿ ಮೈನರ್ ಪ್ಲಾನೆಟ್" ಇದೆ, ಜನಸಾಮಾನ್ಯರೂ ಸಂಶೋಧನೆಗೆ ಕೈಜೋಡಿಸೋ ಝೂನಿವರ್ಸ್ ಜಾಲತಾಣದಲ್ಲಿ. ತಂತ್ರಾಂಶ ಹಾಕೋದೂ ಬೇಡ, ಬ್ರೌಸರ್ ಸಾಕು.

ಆಕಾಶವಾಸಿ99:
ಇದೆಲ್ಲ ಇರ್ಲಿ, ಮೊನ್ನೆ ಬಂದ 3ಐ ಅಟ್ಲಾಸ್ ಏಲಿಯನ್ ನೌಕೆ ಅಂತೆ?? ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ

ರೇಡಾರ್‌ರಂಗ:
ಧೂಮಕೇತು. ಸೌರಮಂಡಲದ ಹೊರಗಿಂದ ಬಂದ ಮೂರನೇ ಅತಿಥಿ. ಜುಲೈ 1ಕ್ಕೆ ಕಂಡದ್ದು ವೈಆರ್4 ಕಂಡ ಅದೇ ಚಿಲಿಯ ದೂರದರ್ಶಕ. ನೌಕೆ ಅಲ್ಲ.

ಆಕಾಶವಾಸಿ99:
ನಿಮಗೆ ಹೇಗೆ ಗೊತ್ತು ನೀವು ಹೋಗಿ ನೋಡಿದೀರಾ

ನಿರ್ವಾಹಕ:
ಅದಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಭೂಸಮೀಪ ಕ್ಷುದ್ರಗ್ರಹ ಮಾತ್ರ. (ಬಾನ್‌ಬಂಡೆ ಅಂದ್ರೂ ನಡೆಯುತ್ತೆ.)

ಕಟ್ಟೆಪುರಾಣ:
ಸರಿ, ಅಪೋಫಿಸ್‌ಗೆ ಬನ್ನಿ. ಅದು ಉಪಗ್ರಹಗಳ ನಡುವೆ ನುಗ್ಗುತ್ತಂತೆ. ಒಂದಕ್ಕೆ ಬಡಿದು ದಾರಿ ತಪ್ಪಿ ನಮ್ಮ ಮೇಲೆ ಬಿದ್ರೆ?

ರೇಡಾರ್‌ರಂಗ:
2029ರ ಏಪ್ರಿಲ್ 13, ನೆಲದಿಂದ ಸುಮಾರು 32,000 ಕಿಲೋಮೀಟರ್. ಟಿವಿ ಉಪಗ್ರಹಗಳು ಇರೋದು 36,000ದ ಹತ್ತಿರ, ಹಾಗಾಗಿ ಅವುಗಳಿಗಿಂತ ಒಳಗೆ ಬರೋದು ನಿಜ. ಆದ್ರೆ ಆ ಉಪಗ್ರಹಗಳ ಉಂಗುರ ಸಮಭಾಜಕದ ಮೇಲಿದೆ, ಅಪೋಫಿಸ್ ಅದನ್ನ ಓರೆಯಾಗಿ ದಾಟುತ್ತೆ. ಅಕಸ್ಮಾತ್ ತಾಗಿತು ಅಂತಲೇ ಇಟ್ಕೊಳ್ಳಿ. 300 ಮೀಟರಿಗೂ ದೊಡ್ಡ ಬಂಡೆಗೆ ಒಂದು ಉಪಗ್ರಹ ಅಂದ್ರೆ ಆನೆ ಮೇಲೆ ನೊಣ ಕೂತ ಹಾಗೆ.

2021ರ ಮಾರ್ಚಿನಲ್ಲಿ ಗೋಲ್ಡ್‌ಸ್ಟೋನ್ ರೇಡಾರ್ ಅಳೆದ ಮೇಲೆ ಕನಿಷ್ಠ 100 ವರ್ಷ ಇದರಿಂದ ಅಪಾಯ ಇಲ್ಲ ಅಂತ ಅಪಾಯದ ಪಟ್ಟಿಯಿಂದಲೇ ತೆಗೆದಿದಾರೆ. ಆಗಿನ ಅನಿಶ್ಚಿತತೆ ನೂರಾರು ಕಿಲೋಮೀಟರಿಂದ ಬೆರಳೆಣಿಕೆ ಕಿಲೋಮೀಟರಿಗೆ ಇಳಿದಿತ್ತು. ಮೇಷ್ಟ್ರ ಭಾಷೆಯಲ್ಲಿ, ಇದರ ಡಬ್ಬದಿಂದ "ಭೂಮಿ" ಚೀಟಿ ಯಾವತ್ತೋ ಹೊರಗೆ ಬಂದಾಗಿದೆ.

ಹಳೇಬೈನಾಕ್ಯುಲರ್:
ಅಪೋಫಿಸ್ 2004ರ ಡಿಸೆಂಬರ್ 27ಕ್ಕೆ ಶೇ 2.7 ಮುಟ್ಟಿತ್ತು, ಟೊರಿನೋ ಪಟ್ಟಿಯಲ್ಲಿ 4. ಇವತ್ತಿಗೂ ಅದೇ ದಾಖಲೆ, ವೈಆರ್4 ಏರಿದ್ದು 3ಕ್ಕೆ. ಆದ್ರೆ ಅದು ಯಾರಿಗೂ ನೆನಪಿಲ್ಲ. ಯಾಕೆ ಗೊತ್ತುಂಟಾ? ಹಿಂದಿನ ದಿನವಷ್ಟೇ ಸುನಾಮಿ ಬಡಿದಿತ್ತು. ಜಗತ್ತು ಹೆಣ ಎಣಿಸ್ತಾ ಇರುವಾಗ 2029ರ ಕಲ್ಲಿನ ಸುದ್ದಿ ಯಾರಿಗೆ ಬೇಕು. ಆ ದಿನವೇ ಹಳೇ ಚಿತ್ರಗಳಲ್ಲಿ ಸಿಕ್ಕಿ 2029ರ ಡಿಕ್ಕಿ ಇಲ್ಲ ಅಂತಲೂ ಆಯ್ತು. ತಲೆಗೆ ಬಂದದ್ದು ತಲೆಪಾಗಿನೊಂದಿಗೆ ಹೋಯ್ತು, ಅದೂ ಯಾರಿಗೂ ಗೊತ್ತಾಗದೆ.

ಲೆಕ್ಕದಮೇಷ್ಟ್ರು:
ಅಪೋಫಿಸ್ ಬಗ್ಗೆ ಹೆದರಿಕೆ ಬಿಟ್ಟು ಜಾತ್ರೆ ಥರ ಹೇಳಿ ಸಾರ್. ಇಷ್ಟು ದೊಡ್ಡದು ಇಷ್ಟು ಹತ್ತಿರ ಬರೋದು ಸಾವಿರಾರು ವರ್ಷಕ್ಕೊಮ್ಮೆ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದಲ್ಲಿ ಬರಿಗಣ್ಣಿಗೇ ಚುಕ್ಕಿಯಾಗಿ ಚಲಿಸೋದು ಕಾಣುತ್ತೆ. ವಿಶ್ವಸಂಸ್ಥೆ 2029ನ್ನ ಕ್ಷುದ್ರಗ್ರಹ ಜಾಗೃತಿಯ ವರ್ಷ ಅಂತಲೇ ಘೋಷಿಸಿದೆ. ಬೆನ್ನು ಕ್ಷುದ್ರಗ್ರಹದಿಂದ 121.6 ಗ್ರಾಂ ಮಣ್ಣು ತಂದ ನೌಕೆ ಇದೆಯಲ್ಲ, ಅದನ್ನೇ ಈಗ ಹೆಸರು ಬದಲಿಸಿ ಅಪೋಫಿಸ್ ಕಡೆ ತಿರುಗಿಸಿದಾರೆ.

ಸುಮ್ನೆಓದ್ತೀನಿ:
ಬೆನ್ನು ಅಂತ ಹೆಸರಾ? ಯಾರ ಬೆನ್ನು?

ಪದಪ್ರೇಮಿ:
ಈಜಿಪ್ಟಿನ ಪುರಾಣದ ಹಕ್ಕಿ. ಅಮೆರಿಕದ ಒಂಬತ್ತು ವರ್ಷದ ಹುಡುಗನೊಬ್ಬ ಸ್ಪರ್ಧೆಯಲ್ಲಿ ಸೂಚಿಸಿದ ಹೆಸರು. ಕನ್ನಡದಲ್ಲಿ ಮಾತ್ರ ಕಷ್ಟ, "ಬೆನ್ನಿನ ಮಣ್ಣು ತಂದ ನಾಸಾ" ಅಂತ ಬರೆದ್ರೆ ಸ್ನಾನದ ವಿಷಯ ಅನ್ಸುತ್ತೆ.

ಸುದ್ದಿಮನೆಮಾಜಿ:
ಜನಕ್ಕೆ ತಲುಪಿಸೋ ವಿಷಯದಲ್ಲಿ ನಾನು ನೋಡಿದ ಅತ್ಯುತ್ತಮ ಅಂದ್ರೆ ಡಾರ್ಟ್, ಬೇಕಂತಲೇ ಕ್ಷುದ್ರಗ್ರಹಕ್ಕೆ ನೌಕೆ ಬಡಿಸಿ ದಾರಿ ಬದಲಿಸಿ ನೋಡಿದ ನಾಸಾ ಪ್ರಯೋಗ. 2022ರ ಸೆಪ್ಟೆಂಬರ್ 26. ದೊಡ್ಡ ಕ್ಷುದ್ರಗ್ರಹವೊಂದನ್ನ ಸುತ್ತೋ ಸಣ್ಣ ಬಂಡೆ ಡೈಮಾರ್ಫಸ್‌ಗೆ ನೌಕೆ ಬಡಿಯೋವರೆಗೆ ಸೆಕೆಂಡಿಗೊಂದು ಚಿತ್ರ ನೇರಪ್ರಸಾರ. ಚುಕ್ಕಿ ಬಂಡೆಯಾಯ್ತು, ಬಂಡೆ ಮೇಲೆ ಕಲ್ಲುಗಳು ಕಂಡವು, ಕೊನೇ ಚಿತ್ರ ಅರ್ಧಕ್ಕೇ ನಿಂತು ಪರದೆ ಕೆಂಪಾಯ್ತು. ನಮ್ಮ ಮನೇಲಿ ಮಾತಿಲ್ಲ. ಯಾವ ವಿವರಣೆನೂ ಬೇಕಾಗಲಿಲ್ಲ. ಅದು ಸುತ್ತೋ ಅವಧಿ 73 ಸೆಕೆಂಡ್ ಬದಲಾದ್ರೆ ಯಶಸ್ಸು ಅಂತ ಇಟ್ಕೊಂಡಿದ್ರು, 32 ನಿಮಿಷ ಕಮ್ಮಿಯಾಯ್ತು. ಸೋಲೋ ಸಾಧ್ಯತೆ ಇದ್ದದ್ದನ್ನ ನೇರ ತೋರಿಸೋ ಧೈರ್ಯ ಇತ್ತಲ್ಲ, ಜನಕ್ಕೆ ಅದು ಮುಟ್ಟಿತು.

ಕಟ್ಟೆಪುರಾಣ:
ಅದನ್ನ ನಾನೂ ನೋಡಿದೆ. ಒಪ್ಪಿದೆ. ಆದ್ರೆ ಇನ್ನೂ ಸಿಗದೇ ಇರೋವು ಎಷ್ಟು ಅಂತ ಯಾರೂ ಬಾಯಿ ಬಿಡ್ತಿಲ್ಲ ಇಲ್ಲಿ.

ಲೆಕ್ಕದಮೇಷ್ಟ್ರು:
ಬಿಡ್ತೀನಿ. 1 ಕಿಲೋಮೀಟರಿಗಿಂತ ದೊಡ್ಡವು ಶೇ 95ಕ್ಕೂ ಹೆಚ್ಚು ಸಿಕ್ಕಿವೆ, ಡೈನೋಸಾರ್ ಗತಿ ಸದ್ಯಕ್ಕಿಲ್ಲ. 140 ಮೀಟರಿಗಿಂತ ದೊಡ್ಡವು ಸುಮಾರು 25,000 ಇರಬಹುದು ಅಂತ ಅಂದಾಜು, ಅರ್ಧನೂ ಸಿಕ್ಕಿಲ್ಲ. 2020ರೊಳಗೆ ಶೇ 90 ಹುಡುಕಬೇಕು ಅಂತ ಅಮೆರಿಕದ ಕಾಂಗ್ರೆಸ್ 2005ರಲ್ಲೇ ಹೇಳಿತ್ತು. ಆಗಲಿಲ್ಲ. ಈಗ ಚಿಲಿಯ ರೂಬಿನ್ ವೀಕ್ಷಣಾಲಯ ಶುರುವಾಗಿದೆ. ಜೂನಿನಲ್ಲಿ ತೋರಿಸಿದ ಮೊದಲ ಚಿತ್ರಗಳಲ್ಲೇ 2,104 ಹೊಸ ಕ್ಷುದ್ರಗ್ರಹ, ಅದರಲ್ಲಿ 7 ಭೂಸಮೀಪದವು. ಬರೀ ಹತ್ತು ಗಂಟೆ ಚಿತ್ರೀಕರಣ. ಇದರ ಅರ್ಥ, ಇನ್ನು ಮುಂದೆ ಶೇ 1, ಶೇ 2ರ ಸುದ್ದಿ ಜಾಸ್ತಿ ಬರ್ತವೆ. ಬಂಡೆ ಹೆಚ್ಚಾಗಿರಲ್ಲ, ಕಣ್ಣು ಹೆಚ್ಚಾಗಿರುತ್ತೆ.

ಕಟ್ಟೆಪುರಾಣ:
ಹೀಗೆ ನೇರ ಹೇಳಿದ್ರೆ ನನಗೂ ಅರ್ಥ ಆಗುತ್ತೆ ಮೇಷ್ಟ್ರೇ. "ಹೆದರಬೇಡಿ ಹೆದರಬೇಡಿ" ಅಂತ ಎರಡು ಸಲ ಹೇಳಿದ್ರೆ ಅಲ್ಲಿಂದಲೇ ಹೆದರಿಕೆ ಶುರು.

ನಕ್ಷತ್ರದಾರಿ:
ಎಲ್ಲರಿಗೂ ಧನ್ಯವಾದ. ಶನಿವಾರ ಅದೇ ಶಾಲೆಗೆ ಡಬ್ಬ ಹಿಡ್ಕೊಂಡು ಹೋಗಿದ್ದೆ, ವರದಿ ಒಪ್ಪಿಸ್ತೀನಿ.

ಮೊದಲಿಗೆ ಒಪ್ಪಿಕೊಂಡೆ: "ಇಳೀತಾ ಹೋಗುತ್ತೆ ಅಂದದ್ದು ನನ್ನ ತಪ್ಪು." ಆಮೇಲೆ ಆಟ. ಮೊದಲ ಸಲ ಮೂರನೇ ಚೀಟಿಗೇ "ಭೂಮಿ" ಹೊರಗೆ ಬಂತು. ಮಕ್ಕಳು ಗೊಳ್ಳಂತ ನಕ್ಕರು, ನನ್ನ ಪಾಠ ಅಲ್ಲೇ ಚಿಂದಿ. ಎರಡನೇ ಸಲ 50 ಎತ್ತಿದ್ರೂ ಬರಲಿಲ್ಲ, 70, 80. ಒಬ್ಬಳು ಬೋರ್ಡಿನ ಮೇಲೆ ಶೇಕಡಾವಾರು ಬರೀತಿದ್ದಳು, ಫೆಬ್ರವರಿಯಲ್ಲಿ ಪ್ರಶ್ನೆ ಕಳಿಸಿದ್ದ ಅದೇ ಹುಡುಗಿ. 90 ಎತ್ತಿದಾಗ "ಹತ್ತು ಪರ್ಸೆಂಟ್" ಅಂತ ಬರೆದು ಹಿಂದೆ ತಿರುಗಿ ನೋಡಿದಳು. ಕ್ಲಾಸಿನಲ್ಲಿ ಸೂಜಿ ಬಿದ್ರೂ ಕೇಳೋ ಮೌನ. 93ನೇದು "ಭೂಮಿ". ಕೂಗಾಟಕ್ಕೆ ಪಕ್ಕದ ಕ್ಲಾಸಿನ ಟೀಚರ್ ಬಂದ್ರು.

ನಾಸಾ ಮುಚ್ಚಿಡ್ತಿದೆ ಅಂದಿದ್ದ ಹುಡುಗ ಡಬ್ಬ ಬೋರಲು ಹಾಕಿ ಉಳಿದ 7 ಚೀಟಿನೂ ಬಿಚ್ಚಿ ನೋಡಿದ, ಇನ್ನೊಂದು "ಭೂಮಿ" ಬಚ್ಚಿಟ್ಟಿದೀನಾ ಅಂತ.

ರೇಡಾರ್‌ರಂಗ:
ಆ ಹುಡುಗನಿಗೆ ಆಸ್ಟ್ರೊಮೆಟ್ರಿಕಾ ಕಲಿಸಿ ಸ್ವಾಮಿ.

ಕಟ್ಟೆಪುರಾಣ:
ಮೊದಲ ಸಲ ಮೂರನೇದಕ್ಕೇ ಬಂದದ್ದು ನನಗೆ ಯಾಕೋ ಅನುಮಾನ. ಚೀಟಿ ಸರಿಯಾಗಿ ಕಲಕಿದ್ರಾ?

ನಕ್ಷತ್ರದಾರಿ:
ಇಲ್ಲ. ಮೇಲುಗಡೆನೇ ಹಾಕಿದ್ದೆ.